ಷಡ್ಡಕ ಕೂರಿಸಿದ ಅಡಿಪಟ್ಟಿ

ಮಾರ್ಚ್ ೧೪, ಗುರುವಾರ

ಹೊಟ್ಟೆ ಉರಿಯುತ್ತಿದೆ. ತಪ್ಪು ಊಟದ್ದಲ್ಲ, ನನ್ನ ಷಡ್ಡಕನದು.

ಇಂದು ನಾವಿಬ್ಬರೂ ಗಿರಾಕಿಯೊಬ್ಬರ ಅಡುಗೆಮನೆಯಲ್ಲಿ ಕೆಳಗಿನ ಕಪಾಟುಗಳ ಕಾಲು ಮುಚ್ಚುವ ಅಡಿಪಟ್ಟಿ ಕೂರಿಸಿದೆವು. ಕಿಟಕಿಯ ಕಡೆ ನಾನು, ಒಲೆಯ ಕಡೆ ಅವನು. ನಾನು ಪಟ್ಟಿಯನ್ನು ನೇರವಾಗಿ ಕೊಯ್ದೆ, ನೆಲ ನೇರವಿರಲಿಲ್ಲ. ಅಡಿಯಲ್ಲಿ ಬೆರಳು ತೂರುವಷ್ಟು ಸಂದು ಉಳಿಯಿತು. ಅವನು ಕೊಯ್ಯುವ ಮೊದಲೇ ಪಟ್ಟಿಯನ್ನು ಕಪಾಟಿಗೆ ಒರಗಿಸಿ ನಿಲ್ಲಿಸಿ, ಮರದ ತುಂಡೊಂದರ ಮೇಲೆ ಪೆನ್ಸಿಲ್ ಒತ್ತಿಹಿಡಿದು ನೆಲದುದ್ದಕ್ಕೂ ಜಾರಿಸಿದ. ನೆಲದ ಉಬ್ಬುತಗ್ಗೆಲ್ಲ ಪಟ್ಟಿಯ ಮೇಲೆ ಗೆರೆಯಾಗಿ ಮೂಡಿತು. ಆ ಗೆರೆಗೇ ಕೊಯ್ದ. ಕೂದಲೂ ತೂರದು.

"ನೆಲದಿಂದಲೇ ಎದ್ದ ಹಾಗಿದೆಯಲ್ಲಪ್ಪಾ!" ಎಂದರು ಮನೆಯೊಡತಿ. ಆಮೇಲೆ ನನಗೆ, "ಪರವಾಗಿಲ್ಲ ಬಿಡಿ, ಅಲ್ಲಿ ಯಾರು ಬಗ್ಗಿ ನೋಡ್ತಾರೆ?" ಬೈದಿದ್ದರೇ ವಾಸಿಯಿತ್ತು.

"ಅಣ್ಣಾ, ನಿಮ್ಮ ಕಡೇದೂ ನಾನೇ ಸರಿ ಮಾಡ್ಲಾ?" ಎಂದು ಅವನು ಮೆಲ್ಲಗೆ ಕೇಳಿದ. ಒಳ್ಳೆಯವನು, ಅದೇ ಸಂಕಟ. ಬೇಡವೆಂದೆ.

ಮನೆಗೆ ಬಂದು ಹೆಂಡತಿಯ ಮುಂದೆ, ಅವನದು ಬರೀ ತೋರಿಕೆ ಎಂದು ಹುಳಿ ಹಿಂಡಿದೆ.

"ತಂಗಿ ಆಗಲೇ ಫೋನ್ ಮಾಡಿ ಹೇಳಿದ್ಲು. ನಮ್ಮ ಅಡುಗೆಮನೆಗೂ ಅವನ ಕೈಲೇ ಹಾಕಿಸೋಣ. ನೀವಂತೂ ಬರೀ ನಾಳೆ ನಾಳೆ ಅಂತೀರ."

ಉಣ್ಣದೆ ಎದ್ದೆ. ಈಗ ಅನ್ನಿಸುತ್ತಿದೆ, ಬರಲಿ. ಪಕ್ಕದಲ್ಲೇ ಕೂತು ಅವನ ಕೈ ನೋಡುತ್ತೇನೆ. ಕೇಳುವುದಿಲ್ಲ, ಹೊಗಳುವುದೂ ಇಲ್ಲ. ನೋಡುತ್ತೇನೆ, ಅಷ್ಟೆ. ಕಲಿಯುತ್ತಿದ್ದೇನೆಂದು ಅವನಿಗೆ ಗೊತ್ತಾದರೆ ಗೊತ್ತಾಗಲಿ.