ಎಂಟು ಎಣಿಕೆಯ ಮೌನ

ನವೆಂಬರ್ ೧೮, ಸೋಮವಾರ
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಕಂಬಣ್ಣನಿಗೆ,

ಗುಬ್ಬಿಯ ನಮಸ್ಕಾರ. ನಿಮ್ಮ ಕಾಗದ ಬಂದು ಇಪ್ಪತ್ತಾರು ದಿನಗಳಾದವು. ಉತ್ತರ ಬರೆಯದ್ದಕ್ಕೆ ಬಯ್ಯಿರಿ, ಆದರೆ ಸ್ವಲ್ಪ ಮೆಲ್ಲಗೆ. ಈ ತಿಂಗಳು ನನ್ನನ್ನು ಬಯ್ಯುವವರ ಸಾಲು ಉದ್ದವಿದೆ. ದಿನವೂ ಬರೆಯಲು ಕೂರುತ್ತಿದ್ದೆ. ದಿನಾಂಕ ಹಾಕುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಹಾಗೆ ಬರೀ ದಿನಾಂಕವಿರುವ ನಾಲ್ಕು ಹಾಳೆಗಳು ಮೇಜಿನ ಮೇಲಿವೆ.

ನಿಮ್ಮ ಕಣ್ಣಿನ ಪೊರೆ ತೆಗೆದದ್ದು ಸರಿಹೋಯಿತು ಎಂದು ತಿಳಿದು ಸಮಾಧಾನವಾಯಿತು. ಈ ಕಾಗದವನ್ನು ನೀವೇ ಓದುತ್ತೀರೋ ನಿಮ್ಮ ತಂಗಿ ಓದಿ ಹೇಳುತ್ತಾರೋ ಗೊತ್ತಿಲ್ಲ. ಅವರೇ ಓದುವುದಾದರೆ ಸಹಿಯವರೆಗೆ ಓದಿ ತಮ್ಮಲ್ಲೇ ಇಟ್ಟುಕೊಳ್ಳಲಿ, ಅದರ ಕೆಳಗಿನದನ್ನು ನಿಮಗೆ ಬಿಡಲಿ.

ಬೆರಳು ಮಡಚುವುದಿಲ್ಲವೆಂದು ಡಬಲ್ ಬಾಸನ್ನು ಶಾಲೆಗೆ ಕೊಟ್ಟುಬಿಟ್ಟೆ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ಆಳೆತ್ತರದ ಆ ವಾದ್ಯವನ್ನು ನಲವತ್ತೈದು ವರ್ಷ ತಬ್ಬಿಕೊಂಡು ನಿಂತವರು ನೀವು. "ಅಂತೂ ಮನೇಲಿ ಒಂದು ಕಂಬ ಕಡಿಮೆ ಆಯ್ತು, ಇನ್ನೊಂದು ಊಟಕ್ಕೆ ಮಾತ್ರ ಅಲ್ಲಾಡುತ್ತೆ" ಎಂದರಂತೆ ನಿಮ್ಮ ತಂಗಿ. ಓದಿ ನಕ್ಕೆ. ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡೆ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ನಮ್ಮ ತಂಡದ ದೊಡ್ಡಮ್ಮ ಹೋದ ಮೇಲೆ ಅವರ ಗೌರವಕ್ಕೆಂದು ಮಾಡುತ್ತಿರುವ ಆಲ್ಬಮ್ ಮೊನ್ನೆ ಶುಕ್ರವಾರ ಮುಗಿಯಿತು. ಅವರ ಹತ್ತು ಹಾಡುಗಳು, ನನ್ನ ದನಿಯಲ್ಲಿ. ಸ್ಟುಡಿಯೋ ಮೊದಲು ಟೈರಿನ ಗೋದಾಮಾಗಿತ್ತಂತೆ. ಮಧ್ಯಾಹ್ನ ಬಿಸಿಲೇರಿದರೆ ಈಗಲೂ ಗೋಡೆಯಿಂದ ರಬ್ಬರಿನ ವಾಸನೆ ಬರುತ್ತದೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹಾಡಬಾರದು ಎಂದು ಗಂಟಲಿನ ಡಾಕ್ಟರು ಹೇಳಿದ್ದಾರೆ. ಎಲ್ಲ ಹಾಡುಗಳ ಶ್ರುತಿಯನ್ನೂ ಎರಡು ಮನೆ ಇಳಿಸಿಕೊಂಡೆ. ಆಲ್ಬಮ್ಮಿನ ನಿರ್ಮಾಪಕಿ ಚುರುಕಾದ ಹೆಂಗಸು, ನಲವತ್ತರ ಆಸುಪಾಸು. "ನಿಮ್ಮ ದನಿ ಎಷ್ಟು ಚೆನ್ನಾಗಿ ಮಾಗಿದೆ ಮೇಡಂ" ಎಂದಳು. "ಮಾಗಿದ್ದಲ್ಲಮ್ಮ, ಸವೆದಿದ್ದು" ಎಂದೆ. ಅವಳು ಅದನ್ನು ವಿನಯ ಎಂದುಕೊಂಡಳು.

ಒಂಬತ್ತು ಹಾಡುಗಳು ಹನ್ನೆರಡು ದಿನಗಳಲ್ಲಿ ಮುಗಿದವು. ಉಳಿದದ್ದು ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. 'ಕೊನೆಯ ಬಸ್ಸು.'

ಇನ್ನು ಮುಂದಿನದು ನಿಮಗೂ ಗೊತ್ತಿರುವುದೇ. ಆದರೂ ಬರೆಯುತ್ತೇನೆ. ಮೂವತ್ತು ವರ್ಷಗಳಿಂದ ಇದನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ. ಕ್ರಮವಾಗಿ ಬರೆದರೆ ಹೇಗೆ ಕಾಣುತ್ತದೆ ಎಂದು ನೋಡಬೇಕಾಗಿದೆ. ಮೆದುಳು ಜ್ವರ ಬಂದು ಹೋದ ಮೇಲೆ ದೊಡ್ಡಮ್ಮನಿಗೆ ರಾಗ ಒಂದಿಷ್ಟೂ ತಪ್ಪಲಿಲ್ಲ, ಹಾಡಿನ ಮಾತು ಮಾತ್ರ ನೆನಪಿನಿಂದ ಜಾರುತ್ತಿತ್ತು. ನಲವತ್ತೊಂಬತ್ತು ವಯಸ್ಸು. ಹೊರಗೆ ತಿಳಿದರೆ ಕಛೇರಿಗೆ ಯಾರೂ ಕರೆಯುವುದಿಲ್ಲ. ಅದಕ್ಕೇ ನಾವು ನಾಲ್ವರು, ಪಿಯಾನೋದವರು, ಡ್ರಮ್ಮಿನವರು, ನೀವು ಮತ್ತು ನಾನು, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆವು. ಷರ್ಟಿನ ಪೆಟ್ಟಿಗೆಯ ರಟ್ಟು ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಸಾಲನ್ನು ಕಪ್ಪು ಮಸಿಯಲ್ಲಿ ಬರೆದೆವು. ಹಿಂದೆ ನಿಂತು ದನಿ ಕೂಡಿಸುತ್ತಿದ್ದ ನನ್ನನ್ನು ರೆಕಾರ್ಡಿಂಗಿನ ದಿನಗಳಲ್ಲಿ, ರೆಕಾರ್ಡು ಕಂಪನಿಯವರಿಗೆ ಕಾರ್ಡು ಕಾಣದ ಹಾಗೆ, ಅವರ ಎದುರಿಗೆ ತಂದು ನಿಲ್ಲಿಸಿದಿರಿ. ಅವರು ಒಂದು ಸಾಲು ಹಾಡುವಷ್ಟರಲ್ಲಿ ನಾನು ಮುಂದಿನ ಕಾರ್ಡು ಎತ್ತಿ ಹಿಡಿಯಬೇಕು. ಆಗ ನನಗೆ ಇಪ್ಪತ್ತೆರಡು.

'ಕೊನೆಯ ಬಸ್ಸು' ಹಾಡಿದ ದಿನ ಕೊನೆಯ ಕಾರ್ಡು ಬರಲಿಲ್ಲ. "ಬಸ್ಸು ಹೊರಡುವ ತನಕ ಕಾಯುವೆ, ನೀ ಬರದೆ ಹೋದರೆ" ಎಂದು ಹಾಡಿ ದೊಡ್ಡಮ್ಮ ನಿಂತುಬಿಟ್ಟರು. ಪಿಯಾನೋ ನಿಂತಿತು, ಡ್ರಮ್ಮು ನಿಂತಿತು. ನೀವೊಬ್ಬರೇ ಒಂದೇ ತಂತಿಯನ್ನು ಮೀಟುತ್ತಾ ಉಳಿದಿರಿ. ಎಂಟು ಎಣಿಕೆ. ಆಮೇಲೆ "ನಾನೇ ಬರುವೆ" ಎಂದು, ಬಾಗಿಲಲ್ಲಿ ನಿಂತು ಹೇಳಿದ ಹಾಗೆ ಹಾಡಿದರು. ಎರಡು ಕಾರ್ಡು ಅಂಟಿಕೊಂಡಿದ್ದವು ಎಂದೆ. ನೀವು ನಂಬಿದಿರಿ. "ಅಂಟು ಹಾಕಿದವನಿಗೆ ನಮಸ್ಕಾರ" ಎಂದು ಪಿಯಾನೋದವರು ಕೈಮುಗಿದರು. ಇನ್ನೊಮ್ಮೆ ಹಾಡಿಸೋಣ ಎಂದರೆ ಕಂಪನಿಯವರು ಒಪ್ಪಲಿಲ್ಲ. ಅದೇ ರೆಕಾರ್ಡು ಹೊರಗೆ ಬಂತು. ಪತ್ರಿಕೆಯವರು ಆ ಮೌನದ ಬಗ್ಗೆ ಅರ್ಧ ಪುಟ ಬರೆದರು. ಇವತ್ತಿಗೂ ಸಂಗೀತ ಕಲಿಸುವ ಕಡೆ ಮಕ್ಕಳಿಗೆ ಆ ಎಂಟನ್ನು ಎಣಿಸಿ ಕಲಿಸುತ್ತಾರೆ.

ಹಾಗಾಗಿ ಹತ್ತನೇ ಹಾಡನ್ನು ನಾನು ಮೌನವಿಲ್ಲದೆ ಹಾಡಿದೆ. ನೇರವಾಗಿ, ಕವಿ ಬರೆದ ಹಾಗೆ. ಒಂದು ಸಲವಲ್ಲ, ಮೂರು ದಿನಗಳಲ್ಲಿ ಹನ್ನೊಂದು ಸಲ. ಪ್ರತಿ ಸಲವೂ ಗಾಜಿನಾಚೆ ನಿರ್ಮಾಪಕಿ ತಲೆ ತಗ್ಗಿಸಿ ಏನೋ ಗೀಚುತ್ತಿದ್ದಳು.

ಹನ್ನೊಂದನೆಯದು ಮುಗಿದ ಮೇಲೆ ಒಳಗೆ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡಳು. "ಮೇಡಂ, ತಪ್ಪು ತಿಳ್ಕೋಬೇಡಿ. ಆ ಜಾಗ ಇಲ್ದೆ ಈ ಹಾಡು ಯಾರಿಗೆ ಬೇಕು? ಬಾಗಿಲೇ ಇಲ್ದ ಮನೆ ತೋರಿಸಿದ ಹಾಗಾಗುತ್ತೆ."

"ಅದು ಅವರದು. ನನ್ನದಲ್ಲ."

"ಗೌರವ ಅಂದ್ರೆ ಅದೇ ಅಲ್ವಾ? ಅವರದನ್ನ ಅವರ ಹಾಗೇ ಇಡೋದು?"

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನನ್ನ ಬಾಯಿಯಿಂದ ಮಾತ್ರ ಬೇರೆ ಮಾತು ಬಂತು. "ಗಿಳಿ ಸಾಕ್ಕೊಳ್ಳಿ ಹಾಗಾದ್ರೆ, ನಿಮಗೂ ಖರ್ಚು ಕಡಿಮೆ" ಎಂದುಬಿಟ್ಟೆ. ಈಗಿನ ಪಿಯಾನೋದವನು ಕೆಮ್ಮಿದ. ಅವಳು ಎದ್ದು ಹೋದಳು. ವಯಸ್ಸಾದವಳಿಗೆ ಅಹಂಕಾರ ಎಂದು ಅವರೆಲ್ಲ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಕಂಬಣ್ಣ, ನನಗೆ ವಾದ ಮಾಡುವ ಶಕ್ತಿಯೂ ಉಳಿದಿಲ್ಲ.

ಮಾರನೆಯ ದಿನ ನಿರ್ಮಾಪಕಿ ಕರೆದುಕೊಂಡು ಬಂದದ್ದು ದೊಡ್ಡಮ್ಮನ ಮಗಳನ್ನು. ಹಾಡುಗಳ ಹಕ್ಕು ಅವಳ ಹೆಸರಿನಲ್ಲಿದೆ, ಒಪ್ಪಿಗೆಯ ಸಹಿ ಅವಳದೇ ಆಗಬೇಕು. ನೀವು ಅವಳನ್ನು ನೋಡಿ ಎಷ್ಟೋ ವರ್ಷವಾಗಿರಬೇಕು. ಈಗ ಮೂವತ್ತೊಂಬತ್ತು, ಕಿವಿಯ ಹತ್ತಿರ ನರೆ ಬಂದಿದೆ. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಕೆಲಸ. "ಅಮ್ಮ ಹಾಡ್ತಿದ್ಲು, ನಾನು ಹಲ್ಲು ಮಾಡ್ತೀನಿ. ಇಬ್ಬರದೂ ಬಾಯಿ ನಂಬ್ಕೊಂಡ ಬದುಕೇ ಗುಬ್ಬಿ ಅಕ್ಕ" ಎಂದು ನಕ್ಕಳು. ನಗು ಮಾತ್ರ ಥೇಟ್ ಅವರದೇ. ಕೈಗೆ ಅಂಟಿದ ಬಿಳಿ ಪುಡಿ ತೊಳೆದರೂ ಹೋಗಿರಲಿಲ್ಲ.

ನಾವಿಬ್ಬರೇ ಸ್ಟುಡಿಯೋದ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿದೆವು. ನಾನು ಏಕೆ ಆ ಮೌನವನ್ನು ಬಿಟ್ಟೆ ಎಂದು ಅವಳು ಜಗಳ ಮಾಡಲಿಲ್ಲ. ಲೋಟವನ್ನೇ ನೋಡುತ್ತಾ ಹೇಳಿದಳು. "ಆವತ್ತು ನಂಗೆ ಜ್ವರ ಇತ್ತು. ಮನೇಲಿ ಯಾರೂ ಇರ್ಲಿಲ್ಲ ಅಂತ ಅಮ್ಮ ಜೊತೇಲೇ ಕರ್ಕೊಂಡು ಬಂದಿದ್ಲು. ಗಾಜಿನ ಆಚೆ ಬೆಂಚಿನ ಮೇಲೆ ಮಲಗಿದ್ದೆ, ನೆನಪಿದೆಯಾ? 'ಹಾಡ್ತಾ ಹಾಡ್ತಾ ನಿನ್ನ ಮುಖ ಕಾಣಿಸ್ತು, ಉಸಿರೇ ನಿಂತುಹೋಯ್ತು ಪುಟ್ಟಿ' ಅಂತ ಆಮೇಲೆ ನಂಗೆ ಹೇಳಿದ್ಲು."

ನಾನು ನನ್ನ ಲೋಟವನ್ನು ಮೆಟ್ಟಿಲ ಮೇಲಿಟ್ಟೆ.

"ನಿಂಗೇ ಗೊತ್ತಲ್ಲ ಅಕ್ಕ, ಅವಳು ಊರೂರು ಸುತ್ತೋಳು. ನನ್ನ ಹುಟ್ಟಿದ ದಿನಕ್ಕೆ ಯಾವತ್ತೂ ಮನೇಲಿ ಇದ್ದೋಳಲ್ಲ. ಸ್ಕೂಲಲ್ಲಿ ಸಹಿ ಹಾಕಿದ್ದೆಲ್ಲ ನೆರೆಮನೆಯವ್ರು. ಇಷ್ಟು ಹಾಡು ಹಾಡಿದ್ಲು, ಅದೆಲ್ಲ ಜನಕ್ಕೆ. ಆ ಎಂಟು ಎಣಿಕೆ ಮಾತ್ರ ನಂದು. ಅದನ್ನ ತೆಗೀಬೇಡ. ಬೇಕಾದ್ರೆ ಹಾಡನ್ನೇ ಬಿಟ್ಟುಬಿಡು, ಒಂಬತ್ತಕ್ಕೇ ಸಹಿ ಹಾಕ್ತೀನಿ."

ಅಲ್ಲಿಯವರೆಗೆ ನನ್ನ ಮುಂದಿದ್ದದ್ದು ಒಂದೇ ಪ್ರಶ್ನೆ: ನಿಜವಲ್ಲದ್ದನ್ನು ನಾನೇಕೆ ಹಾಡಲಿ? ಮೆಟ್ಟಿಲ ಮೇಲೆ ಕುಳಿತಾಗ ಅದು ಸಾಲದಾಯಿತು. ನಿಜ ಹೇಳಿದರೆ ತಾಯಿಯ ಮರೆವೂ ಹೊರಗೆ ಬೀಳುತ್ತದೆ, ಮಗಳ ಕೈಯಲ್ಲಿರುವ ಒಂದೇ ಒಂದು ಕಾಣಿಕೆಯೂ ಹೋಗುತ್ತದೆ. ಪಿಯಾನೋದವರು, ಡ್ರಮ್ಮಿನವರು ಹೋಗಿಬಿಟ್ಟರು. ಬದುಕಿರುವವರಲ್ಲಿ ಕಾರ್ಡಿನ ವಿಷಯ ಗೊತ್ತಿರುವುದು ನಿಮಗೆ, ನನಗೆ. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಹೋದರೆ ಅವಳ ಮಾತೇ ನಿಜವಾಗಿ ಉಳಿಯುತ್ತದೆ.

"ನಾಳೆ ನೀನೂ ಬಾ" ಎಂದೆ.

ಶುಕ್ರವಾರ ರಜೆ ಹಾಕಿ ಬಂದಳು. ಗಾಜಿನಾಚೆ ನಿರ್ಮಾಪಕಿಯ ಪಕ್ಕ ಕುಳಿತಳು. ನಾನು ಒಂದೇ ಸಲ ಹಾಡಿದೆ. ಆ ಜಾಗ ಬಂದಾಗ ನಿಲ್ಲಿಸಿದೆ. ನಿಮ್ಮ ಜಾಗದಲ್ಲಿ ಬಾಸ್ ನುಡಿಸುತ್ತಿದ್ದವನು ಒಂದೇ ತಂತಿ ಮೀಟಿದ, ನಿಮ್ಮ ರೆಕಾರ್ಡು ಕೇಳಿ ಕಲಿತವನಂತೆ, ಚೆನ್ನಾಗಿಯೇ ಮೀಟಿದ. ಆಚೆ ಅವಳು ಎರಡೂ ಕೈ ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಈಚೆ ನಾನು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ, ಬಸ್ಸಿನ ಕಂಡಕ್ಟರು ತಲೆ ಎಣಿಸುವ ಹಾಗೆ. ಎಂಟಾದ ಮೇಲೆ "ನಾನೇ ಬರುವೆ" ಎಂದೆ. ಕೊನೆಯ ಅಕ್ಷರದಲ್ಲಿ ದನಿ ಒಡೆಯಿತು. ನಿರ್ಮಾಪಕಿ ಓಡಿ ಬಂದು, "ಮೇಡಂ, ಇದನ್ನ ಮುಟ್ಟೋದೇ ಬೇಡ, ಹೀಗೇ ಇರಲಿ" ಎಂದು ನನ್ನ ಕೈ ಹಿಡಿದುಕೊಂಡಳು. ಗಿಳಿಯ ಮಾತಿಗೆ ಕ್ಷಮೆ ಕೇಳಿದೆ. "ಬಿಡಿ ಮೇಡಂ, ಮನೇಲಿ ನನ್ನ ಮಗಳು ಇದಕ್ಕಿಂತ ಜೋರಾಗಿ ಬಯ್ತಾಳೆ" ಎಂದಳು.

ಆಲ್ಬಮ್ಮಿನ ಜೊತೆಗಿನ ಪುಸ್ತಿಕೆಗೆ ಆ ಮೌನದ ಬಗ್ಗೆ ನಾನೇ ಬರೆಯಬೇಕಂತೆ, ಎದುರಿಗೆ ಇದ್ದವಳು ಎಂದು. ಮೂರು ಸಾಲು ಬರೆದುಕೊಟ್ಟೆ. ಆ ದಿನ ಸ್ಟುಡಿಯೋದಲ್ಲಿ ಯಾರ್ಯಾರಿದ್ದರು, ಮಗಳು ಗಾಜಿನಾಚೆ ಮಲಗಿದ್ದಳು, ಗಾಯಕಿ ಎಂಟು ಎಣಿಕೆ ನಿಂತರು. ಮೂರೂ ನಿಜವೇ. ಮಗಳು ಓದಿ ಸಹಿ ಹಾಕಿದಳು.

ಅಲ್ಲಿಂದೀಚೆಗೆ ನಿದ್ದೆ ಮಾಡುತ್ತಿದ್ದೇನೆ, ಏಳುತ್ತಿದ್ದೇನೆ, ಮತ್ತೆ ಮಲಗುತ್ತಿದ್ದೇನೆ. ಗಂಟಲಿಗಿಂತ ಹೆಚ್ಚು ಬೆನ್ನು ದಣಿದಿದೆ. ಜನವರಿಯ ಎರಡು ಕಛೇರಿಗಳನ್ನು ಒಪ್ಪಿಕೊಳ್ಳಲಿಲ್ಲ. ರೆಕಾರ್ಡು ಬಂದ ಕೂಡಲೇ ನಿಮಗೆ ಒಂದು ಕಳಿಸುತ್ತೇನೆ. ಹತ್ತನೆಯದನ್ನು ಕೇಳಲೇಬೇಕೆಂದಿಲ್ಲ.

ನಿಮ್ಮ ಬೆರಳುಗಳ ನೋವು ಕಡಿಮೆಯಾಗಲಿ. ಹೊಸ ಕಣ್ಣಿಗೆ ಒಳ್ಳೆಯದೇ ಬೀಳಲಿ. ಶಾಲೆಯ ಮಕ್ಕಳು ನಿಮ್ಮ ಬಾಸನ್ನು ಬೀಳಿಸದಿರಲಿ. ತಂಗಿಗೆ ನನ್ನ ನಮಸ್ಕಾರ ತಿಳಿಸಿ. ಇಷ್ಟು ವರ್ಷ ನನ್ನ ಬೆನ್ನ ಹಿಂದೆ ನಿಂತು ನುಡಿಸಿದವರು ನೀವು. ಅಲ್ಲಿಂದಲೇ ಹರಸಿ, ಸಾಕು.

ನಿಮ್ಮ
ಗುಬ್ಬಿ

ಮತ್ತೊಂದು ಮಾತು: ಇದನ್ನು ನೀವೊಬ್ಬರೇ ಓದಿ.

ಕಾರ್ಡುಗಳು ಅಂಟಿಕೊಂಡಿರಲಿಲ್ಲ ಕಂಬಣ್ಣ. ಆ ಹಾಡಿನಲ್ಲಿ ಒಂದು ಚರಣ ನನಗೆಂದು ದೊಡ್ಡಮ್ಮ ಮಾತು ಕೊಟ್ಟಿದ್ದರು. ಎರಡು ತಿಂಗಳು ಅದನ್ನೇ ಅಭ್ಯಾಸ ಮಾಡಿದ್ದೆ. ಆವತ್ತು ಬೆಳಿಗ್ಗೆ ಎಲ್ಲರ ಎದುರು ಅದನ್ನು ತೆಗೆದುಹಾಕಿದರು. ಏಕೆ ಎಂದು ಕೇಳಿದ್ದಕ್ಕೆ, "ಗುಬ್ಬಿಗೆ ಕೈ ಗಟ್ಟಿಯಿದೆ, ಕಾರ್ಡು ಹಿಡಿಯೋಕೆ ದನಿ ಯಾಕೆ?" ಎಂದರು. ಎಲ್ಲರೂ ನಕ್ಕರು. ನೀವೂ ನಕ್ಕಿರಿ.

ಕೊನೆಯ ಕಾರ್ಡು ನನ್ನ ಕೈಯಲ್ಲೇ ಇತ್ತು. ಅದನ್ನು ಎದೆಗೆ ಒತ್ತಿ ಹಿಡಿದೆ. ಇವರಿಗೆ ಮಾತು ಮರೆಯುತ್ತದೆ ಎಂದು ಕಂಪನಿಯವರಿಗೆಲ್ಲ ತಿಳಿಯಲಿ ಎಂದೇ ಹಿಡಿದೆ. ನಿಮಗೆ ನನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಅವರಿಗೆ ನನ್ನ ಮುಖ ಕಾಣುತ್ತಿತ್ತು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಮುಖ ತಿರುಗಿಸಿ ಗಾಜಿನ ಕಡೆ ನೋಡಿದರು. ಅಲ್ಲಿಂದಲೇ ಅವರಿಗೆ ಆ ಸಾಲು ಬಂತು. ಕಾರ್ಡನ್ನು ನಾನು ಕೊನೆಯವರೆಗೂ ಎತ್ತಲೇ ಇಲ್ಲ.

ಮನೆಗೆ ಹಿಂದಿರುಗುವಾಗ ವ್ಯಾನಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಇನ್ನೊಂದು ಪಕ್ಕ ಜ್ವರದ ಮಗಳು ಒರಗಿ ಮಲಗಿದ್ದಳು. "ಕೈ ನೋಯ್ತಾ ಮಗು?" ಎಂದು ಕೇಳಿದರು. ನಾನು ಹೌದು ಎಂದೆ. ನನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಮನೆ ಮುಟ್ಟುವ ತನಕ ಒತ್ತಿದರು.