ಹೆರಿಗೆ ಆಸ್ಪತ್ರೆಗೆ ಹಾಕಿದ ಸೈನು

ಮೊರಪ್ಪೂರು ದಾರಿ,
14 ಜುಲೈ 2024

ಪ್ರೀತಿಯ ಮುನಿಲಕ್ಷ್ಮಿ ಅಕ್ಕನಿಗೆ,

ಮೆಟ್ಟೂರಿನಿಂದ ನೀನು ಬರೆದ ಕಾಗದ ಬಂತು. ನೀನು ಕಲಿಸಿದ ಕನ್ನಡದಲ್ಲೇ ಉತ್ತರ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರಿಗೂ ಕನ್ನಡ ಓದಲು ಬರುವುದಿಲ್ಲ, ಅದೊಂದು ಸಮಾಧಾನ.

ಕಲೆಕ್ಟರ್ ಆಫೀಸಿನ ವಿಚಾರಣೆಗೆ ಬಂದು, ಮೋಸ ಮಾಡಿ ನನ್ನ ಸೈನ್ ಹಾಕಿಸಿಕೊಂಡರೆಂದು ಹೇಳು, ಆಸ್ಪತ್ರೆ ಕಟ್ಟಡದಲ್ಲಿ ತೆರೆದ ಬಾರಿನ ಲೈಸೆನ್ಸ್ ರದ್ದಾಗುತ್ತದೆ ಎಂದು ಬರೆದಿದ್ದೀಯ. ಬಿಳಿಯರ ಕಾಲದ ಆ ಕಲ್ಲಿನ ಆಸ್ಪತ್ರೆಯಲ್ಲಿ ನರ್ಸಾಗಿ ಮೂವತ್ತು ವರ್ಷ ಹೆರಿಗೆ ಮಾಡಿಸಿದವಳು ನೀನು. ನಿನ್ನ ಹೊಟ್ಟೆ ಉರಿಯುವುದು ನ್ಯಾಯವೇ.

ನನಗೇನು ತಣ್ಣಗಿದೆಯೇ? ಹೆಸರಿಗೆ ನಾನು ಪಂಚಾಯಿತಿ ಅಧ್ಯಕ್ಷೆ, ಊರವರ ಬಾಯಲ್ಲಿ ತಲೈವಿ; ಕುರ್ಚಿಯಲ್ಲಿ ಕೂರುವವರು ನಮ್ಮ ಯಜಮಾನರು ಗೋವಿಂದರಾಜ್. ಬೀಗ ಬಿದ್ದಿದ್ದ ಆಸ್ಪತ್ರೆಯನ್ನು ಬಾಡಿಗೆಗೆ ಕೊಡುವ ತಮಿಳು ಕಾಗದ ಹಿಡಿದು ಅಡುಗೆಮನೆ ಬಾಗಿಲಿಗೇ ಬಂದರು. "ಮನಮಗಿಳ್ ಮನ್ರಂ ಅಂತೆ ಕಣೇ, ಮನರಂಜನೆ ಕ್ಲಬ್ಬು. ವಯಸ್ಸಾದೋರು ಕೇರಂ ಆಡ್ಕಂಡು ಇರ್ತಾರೆ. ಸೈನ್ ಆಕು, ಸಾಕು," ಎಂದರು. ಮುದ್ದೆ ಮೆತ್ತಿದ್ದ ಕೈ ಒರೆಸಿಕೊಂಡು ಹಾಕಿದೆ.

ಹೋದ ವಾರ ನೋಡಲು ಹೋಗಿದ್ದೆ. ಕೂಸುಗಳನ್ನು ತೂಗುತ್ತಿದ್ದ ವರಾಂಡದಲ್ಲಿ ಬಿಯರ್ ಪೆಟ್ಟಿಗೆಗಳು. ಬಾಗಿಲಲ್ಲಿದ್ದವನು, "ಎಂಗಸ್ರು ಒಳಗೆ ಓಗಬಾರ್ದಮ್ಮಾ," ಎಂದ. ನಮ್ಮ ಮಗ ಶಿವಾನನ್ನು ನಾನು ಹೆತ್ತ ಜಾಗ ಅದು! ನಾನೇ ಈ ಊರಿನ ತಲೈವಿ ಎಂದೆ. "ತಲೈವರ್ ಒಳಗೇ ಅವ್ರೆ," ಎಂದು ನಕ್ಕ. ಅವನನ್ನು ತಳ್ಳಿಕೊಂಡು ಒಳಗೆ ಹೋದೆ. ನೋಡಿದೆ, ಬಂದೆ. ಅವತ್ತಿನಿಂದ ಕಟ್ಟಿಕೊಂಡ ಈ ಮನುಷ್ಯನ ಜೊತೆ ನನಗೆ ಮಾತಿಲ್ಲ.

ಆದರೂ ವಿಚಾರಣೆಗೆ ಬರಲಾರೆ, ಅಕ್ಕಾ. ಮೇನಕಾಗೆ ಮೈ ಹುಷಾರಿಲ್ಲ ಎಂದು ಹೇಳಿಬಿಡು. ನನ್ನನ್ನು ಹೇಡಿ ಅಂದುಕೊಂಡರೂ ಬೇಜಾರಿಲ್ಲ.

ಇಂತಿ ನಿನ್ನ ತಂಗಿಯಂಥವಳು,
ಮೇನಕಾ

ತಾ. ಕ.: ನಿನ್ನ ಹತ್ತಿರ ಸುಳ್ಳು ಹೇಳಿ ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ನನಗೆ ಯಾರೂ ಮೋಸ ಮಾಡಲಿಲ್ಲ. ಆ ಕಾಗದವನ್ನು ಎರಡು ಸಲ ಓದಿದ್ದೆ. ಮನ್ರಂ ಎಂದರೆ ಬಾರ್ ಎಂದು ಗೊತ್ತಿತ್ತು. ಒಳಗಿನ ಗೋಡೆಗಳನ್ನು ಒಡೆಯಬಹುದು ಎಂದೂ ಅದರಲ್ಲಿ ಬರೆದಿತ್ತು. ಶಿವಾನಿಗಿಂತ ಮುಂಚೆ ಒಬ್ಬಳು ಹುಟ್ಟಿದಳಲ್ಲ, ಡಾಕ್ಟರ್ ಬಾರದ ದಿನ. ಉಸಿರಿಲ್ಲದ ಅವಳನ್ನು ಟವೆಲಿನಲ್ಲಿ ಸುತ್ತಿ ನೀನೇ ನನ್ನ ಕೈಗೆ ಕೊಟ್ಟೆ. ಆ ಕೋಣೆ ನೆಲಸಮವಾಗಲಿ ಎಂದೇ ಸೈನ್ ಹಾಕಿದೆ. ಉಳಿದ ಗೋಡೆಗಳನ್ನೆಲ್ಲ ಒಡೆದಿದ್ದಾರೆ. ಆ ಕೋಣೆಯೊಂದನ್ನು ಉಳಿಸಿಕೊಂಡು ಎ.ಸಿ. ಹಾಕಿಸಿದ್ದಾರೆ. ಅವಳ ಅಪ್ಪ ಲೋಟ ಹಿಡಿದು ಕೂತಿದ್ದದ್ದು ಅದರೊಳಗೆ.