ಕಂಬದ ಬಗ್ಗೆ ಅವನು ಬರೆದ ಪತ್ರ

ಹೂಡಿ, ನವೆಂಬರ್ 11, ಮಂಗಳವಾರ

ಮನೆ ಮುಂದೆ ಬೀದಿದೀಪದ ಕಂಬ ನೆಡುವ ಬಗ್ಗೆ ಅಂಬರೀಶ್ ವಾರ್ಡ್ ಆಫೀಸಿಗೆ ಬರೆದ ಪತ್ರ ಹೋದ ವಾರ ಕಣ್ಣಿಗೆ ಬಿದ್ದಿತ್ತು. ಕತ್ತಲಲ್ಲಿ ಆಫೀಸಿನಿಂದ ನಡೆದು ಬರುವ ನನಗಾಗಿ ನನ್ನ ಮುದ್ದು ಗಂಡ ದೀಪ ಕೇಳಿದ್ದಾನೆಂದು ಕುಣಿದಾಡಿದ್ದೆ! ಇವತ್ತು ಪಕ್ಕದ ಬೀದಿಯ ಲೈನ್‌ಮನ್‌ಗೆ ಹೆಮ್ಮೆಯಿಂದ ತೋರಿಸಿದರೆ ಆತ ನಕ್ಕುಬಿಟ್ಟ.

"ಅಕ್ಕಾ, ಇದು ಅಪೇಕ್ಷೆ ಅಲ್ಲ, ಆಕ್ಷೇಪಣೆ. ಕಂಬ ಬ್ಯಾಡ ಅಂತ ನಿಮ್ಮೆಜಮಾನ್ರೇ ಬರ್ದವ್ರೆ."

ಥೂ, ನನ್ನ ಇಂಗ್ಲಿಷ್ ಮೀಡಿಯಂ ಕನ್ನಡವೇ!

ಊಟಕ್ಕೆ ಕೂತಾಗ ಕೇಳಿದೆ. "ಕಂಬ ಬಂದ್ರೆ ಕಾಂಪೌಂಡ್ ಅಳೀತಾರೆ ಕಣೇ. ಅಪ್ಪ ರಸ್ತೆಗೆ ಎರಡಡಿ ಮುಂದೆ ಕಟ್ಟವ್ರೆ" ಎಂದು ಕೆನ್ನೆ ಹಿಂಡಿದ.

ಗೋಡೆ ಹಾಳಾಗಲಿ. ಅವತ್ತು ಪತ್ರ ನೋಡಿ, ದೀಪ ನನಗಾಗಿಯೇನಾ ಎಂದು ನಾನು ತಬ್ಬಿಕೊಂಡಾಗ ಇವನು ತಲೆ ಸವರಿ, "ನಿಂಗಲ್ದೆ ಇನ್ಯಾರಿಗೆ?" ಎಂದಿದ್ದ. ಮದುವೆಯಾದ ಈ ಮೂರು ತಿಂಗಳಲ್ಲಿ ಇನ್ನೂ ಯಾವ ಯಾವ ಮಾತಿಗೆ ಹೀಗೆ ತಬ್ಬಿಕೊಂಡಿದ್ದೇನೋ...